ರಾಮನಗರದ ರೇಷ್ಮೆ ಬೀದಿಗಳಲ್ಲಿ ಸಾಲದ ಜಾಡು

ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಹೋದರೆ ರಾಮನಗರ. ಮಹಿಳಾ ಸಂಘಗಳ ಸಾಲದ ಬಗ್ಗೆ ತಿಳಿಯಬೇಕೆಂದು ಇಲ್ಲಿಗೆ ಬಂದವರು ಮೊದಲು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಹರಾಜು ನೋಡಬೇಕು. ಗೂಡು ಕೊಂಡು ನೂಲು ತೆಗೆಸುವ ರೀಲರ್ ಗೂಡಿಗೆ ಮೊದಲೇ ದುಡ್ಡು ಸುರಿಯಬೇಕು. ನೂಲಿನ ದರ ಬಿದ್ದರೆ ಆ ವಾರ ಕೈ ಖಾಲಿ, ಆದರೂ ಸಾಲದ ಕಂತು ನಿಲ್ಲುವುದಿಲ್ಲ.

ಅಲ್ಲಿಂದ ನೂಲು ಬಿಚ್ಚುವ ಬೀದಿಗಳು. ಬಿಸಿನೀರಿನಲ್ಲಿ ಬೆಂದ ಗೂಡಿನ ವಾಸನೆ ದೂರದಿಂದಲೇ ಮೂಗಿಗೆ ಬಡಿಯುತ್ತದೆ. ದಿನವಿಡೀ ಆ ನೀರಿನಲ್ಲಿ ಎಳೆ ಹುಡುಕುವ ಬೆರಳುಗಳು ಬೆಳ್ಳಗೆ ನೆನೆದು ಸುಕ್ಕಾಗಿರುತ್ತವೆ. ಕೆಲಸದ ಹೊತ್ತಿನಲ್ಲಿ ಈ ಹೆಂಗಸರನ್ನು ಮಾತಿಗೆ ಕೂರಿಸಬಾರದು, ಕೂಲಿ ಹೋಗುತ್ತದೆ. ಸಂಘದ ಮುಖ್ಯಸ್ಥೆಯ ಜೊತೆ, ಅದರಲ್ಲೂ ವಸೂಲಿ ಸಿಬ್ಬಂದಿಯ ಜೊತೆ ಹೋದರೆ ಹೊಗಳಿಕೆ ಬಿಟ್ಟು ಬೇರೇನೂ ಸಿಗದು. ಹಲವು ಮನೆಗಳ ಮಾತು ದಖನಿ ಉರ್ದು. ಆ ಭಾಷೆ ಬಲ್ಲ ಹೆಂಗಸೊಬ್ಬರು ಜೊತೆಗಿರಲಿ, ಅವರು ಅದೇ ಬೀದಿಯವರಾಗಿರಬಾರದು.

"ಎಷ್ಟು ಸಾಲ ತಗೊಂಡ್ರಿ?" ಎಂದು ಶುರು ಮಾಡಿದರೆ ಕೆಲಸ ಕೆಟ್ಟಂತೆ. ದೊಡ್ಡ ಹಾಳೆಯ ಮೇಲೆ ಒಂದು ಗೆರೆ ಎಳೆದು, ಅವರ ಬದುಕನ್ನು ಹುಟ್ಟಿದೂರಿನಿಂದ ಇಂದಿನವರೆಗೆ ನಡೆಸಿಕೊಂಡು ಬರಬೇಕು. ಇಸವಿ ಕೇಳಿದರೆ ತಡವರಿಸುತ್ತಾರೆ. 2007ರಲ್ಲಿ ರಾಮನಗರ ಜಿಲ್ಲೆಯಾದದ್ದು, 2009ರಲ್ಲಿ ಕೋಲಾರದಲ್ಲಿ ಶುರುವಾದ, ಸಂಘದ ಸಾಲದ ಕಂತು ಕಟ್ಟುವುದಿಲ್ಲ ಎಂಬ ಬಹಿಷ್ಕಾರ ಇಲ್ಲಿಗೂ ಹಬ್ಬಿದ್ದು, 2016ರ ನೋಟು ರದ್ದು, 2020ರ ಲಾಕ್‌ಡೌನ್, ಇವನ್ನು ಮೊದಲೇ ಗುರುತು ಹಾಕಿಟ್ಟರೆ ಮಗಳ ಮದುವೆಯೂ ಗಂಡನ ಕಾಯಿಲೆಯೂ ತಾವಾಗಿ ಜಾಗ ಹಿಡಿಯುತ್ತವೆ. ಸಾಲಗಳನ್ನು ಎರಡನೇ ಭೇಟಿಯಲ್ಲಿ, ಗೆರೆಯ ಕೆಳಗೆ ಬೇರೆ ಬಣ್ಣದಲ್ಲಿ ಬರೆಯಬೇಕು: ಸಂಘದ ಸಾಲ, ಚೀಟಿ, ಕೈಸಾಲ, ಅಡವಿಟ್ಟ ಒಡವೆ.

ಎರಡೂ ಸಾಲುಗಳನ್ನು ಜೋಡಿಸಿದಾಗಲೇ ನಿಜ ಹೊರಬೀಳುವುದು. ಪಾಸ್‌ಬುಕ್ಕಿನಲ್ಲಿ 'ವ್ಯಾಪಾರಕ್ಕೆ' ಎಂದಿರುವ ಸಾಲ ಆಸ್ಪತ್ರೆಗೆ ಹೋಗಿರಬಹುದು, ಒಂದು ಕಂತೂ ತಪ್ಪದ ಸಾಲ ಓಲೆ ಅಡವಿಟ್ಟು ತೀರಿರಬಹುದು. ಒಬ್ಬಳ ಹೆಸರಿನ ಸಾಲವನ್ನು ಇನ್ನೊಬ್ಬಳು ಬಳಸಿರುವುದೂ ಉಂಟು. ಕಟ್ಟಬೇಕಾದವಳು ಕೈಕೊಟ್ಟರೆ ಅವಮಾನ ಮಾತ್ರ ಹೆಸರಿದ್ದವಳದು. ಮರುಪಾವತಿಯ ಅಂಕಿ ನೋಡಿ ಯೋಜನೆ ಗೆದ್ದಿತು ಎನ್ನುವವರಿಗೆ ಈ ಹಾಳೆಯನ್ನು ತೋರಿಸಲೇಬೇಕು.

2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಿರುಸಾಲ ಪಡೆಯುವ ಕುಟುಂಬದ ಒಟ್ಟು ಕಂತು ತಿಂಗಳ ಆದಾಯದ ಶೇ. 50 ದಾಟುವಂತಿಲ್ಲ. ಕೈಸಾಲ, ಚೀಟಿಗಳು ಯಾವ ದಾಖಲೆಗೂ ಸಿಗದ ಕಾರಣ ಆ ಲೆಕ್ಕ ಎಷ್ಟು ದಿಟ ಎಂಬುದೂ ಇಂಥ ಹಾಳೆಯಲ್ಲೇ ಗೊತ್ತಾಗುತ್ತದೆ.

ಬರೆಯುವಾಗ ಹೆಸರು ಬದಲಿಸಿದರಷ್ಟೇ ಸಾಲದು. 'ಮೂರು ಹೆಣ್ಣುಮಕ್ಕಳು, ನೂಲು ಬಿಚ್ಚುವ ಎರಡು ಬೇಸಿನ್, ಮೂಲೆಮನೆ' ಎಂದರೆ ಇಡೀ ಬೀದಿಗೆ ಗುರುತು ಸಿಗುತ್ತದೆ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಬೇಡವೆಂದ ಸಾಲನ್ನು ಅವರೆದುರೇ ಹೊಡೆದುಹಾಕಬೇಕು.