ಒಂದೇ ಗುಡ್ಡ ಹತ್ತಿ ಇಳಿದು ಏನು ಸಿಗುತ್ತೆ?

"ಅಲ್ರೀ, ಒಂದ ಗುಡ್ಡಾ ಹತ್ತೂದು, ಇಳಿಯೂದು, ಮತ್ತ ಹತ್ತೂದು. ಏನ್ ಸಿಗ್ತದ ಇದರಾಗ?" ಕಳೆದ ಡಿಸೆಂಬರ್‌ನಲ್ಲಿ ನಾವೊಂದಿಷ್ಟು ಗೆಳೆಯರು ಸೈಕಲ್ ಮೇಲೆ ಒಂದೇ ಗುಡ್ಡವನ್ನ ಹಗಲು ರಾತ್ರಿ ಹತ್ತಿ ಇಳಿದೆವು. ಅವತ್ತಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳುತ್ತಾರೆ. ಕಟಿಂಗ್ ಅಂಗಡಿಯಲ್ಲಿ ಕೇಳುತ್ತಾರೆ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಸಿಕ್ಕವರೂ ಕೇಳುತ್ತಾರೆ. ಅಷ್ಟು ತಾಕತ್ತಿದ್ದರೆ ಗೋವಾಕ್ಕೆ ಹೋಗಿ ಬರಬಹುದಿತ್ತಲ್ಲ, ಸಮುದ್ರವಾದರೂ ನೋಡಿದ ಹಾಗಾಗುತ್ತಿತ್ತು ಅನ್ನುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಿಂತಲ್ಲೇ ಎರಡು ಮಾತಲ್ಲಿ ಹೇಳಿದರೆ ಅರ್ಥ ಆಗಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಇದೇನು ಅಂತ ಗೊತ್ತಿಲ್ಲದವರಿಗೆ. ಇದಕ್ಕೆ ಎವರೆಸ್ಟಿಂಗ್ ಅಂತಾರೆ. ಯಾವುದಾದರೂ ಒಂದು ಏರು ಆರಿಸಿಕೊಳ್ಳಬೇಕು. ಹತ್ತಿದ ಎತ್ತರವೆಲ್ಲ ಕೂಡಿ 8848 ಮೀಟರ್, ಅಂದರೆ ಎವರೆಸ್ಟ್ ಶಿಖರದಷ್ಟು, ಆಗುವವರೆಗೆ ಅದನ್ನೇ ಸೈಕಲ್ ಮೇಲೆ ಹತ್ತಿ ಇಳಿಯುತ್ತಿರಬೇಕು. ಹತ್ತಿದ ದಾರಿಯಲ್ಲೇ ಇಳಿಯಬೇಕು. ಊಟಕ್ಕೆ, ನೀರಿಗೆ ನಿಲ್ಲಬಹುದು, ಎಷ್ಟು ಹೊತ್ತಾದರೂ ತೆಗೆದುಕೊಳ್ಳಬಹುದು, ಆದರೆ ನಡುವೆ ನಿದ್ದೆ ಮಾಡುವಂತಿಲ್ಲ. 1994ರಲ್ಲಿ ಜಾರ್ಜ್ ಮ್ಯಾಲರಿ ಅನ್ನುವವರು ಆಸ್ಟ್ರೇಲಿಯಾದ ಮೆಲ್ಬರ್ನ್ ಹತ್ತಿರದ ಡೊನ್ನಾ ಬುವಾಂಗ್ ಬೆಟ್ಟವನ್ನ ಹೀಗೆ ಹತ್ತಿದ್ದರು. 1924ರಲ್ಲಿ ಎವರೆಸ್ಟ್ ಮೇಲೆ ಕಾಣೆಯಾದ ಮ್ಯಾಲರಿಯ ಮೊಮ್ಮಗ ಅವರು, ಹೆಸರೂ ಅದೇ. ನಿಜವಾದ ಎವರೆಸ್ಟ್ ಹತ್ತೋಕೆ ತಯಾರಿ ಅಂತ ಮಾಡಿದ್ದು, ಮರುವರ್ಷ ಹೋಗಿ ತುದಿ ಮುಟ್ಟಿಯೂ ಬಂದರು. ಆಮೇಲೆ 2014ರಲ್ಲಿ ಮೆಲ್ಬರ್ನ್‌ನ ಹೆಲ್ಸ್ 500 ಅನ್ನುವ ಸೈಕಲ್ ಗೆಳೆಯರ ಗುಂಪು ಇದಕ್ಕೆ ನಿಯಮ ಮಾಡಿ ಎಲ್ಲರಿಗೂ ತೆರೆದಿಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ರೇಸ್‌ಗಳು ನಿಂತಾಗ ದೊಡ್ಡ ದೊಡ್ಡ ರೇಸರ್‌ಗಳೂ ಇದಕ್ಕಿಳಿದರು. 2021ರಲ್ಲಿ ಐರ್ಲೆಂಡಿನ ರೋನನ್ ಮೆಕ್‌ಲಾಫ್ಲಿನ್ 6 ಗಂಟೆ 40 ನಿಮಿಷದಲ್ಲಿ ಮುಗಿಸಿದರು. ನಮ್ಮದು ಒಂದು ಮಧ್ಯಾಹ್ನ ಶುರುವಾಗಿ ಮರುದಿನ ಮಧ್ಯಾಹ್ನ ದಾಟಿತು.

ಗುಡ್ಡ ಹುಡುಕೋದೇ ಅರ್ಧ ಕೆಲಸ. ನಮ್ಮ ಗುಂಪಲ್ಲಿ ಗದಗಿನ ಗೆಳೆಯನೊಬ್ಬ ಇದ್ದಾನೆ, ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದಾನೆ. ಅವನಿಗೆ ಕಪ್ಪತಗುಡ್ಡವೇ ಆಗಬೇಕು ಅಂತ ಆಸೆ. ಆದರೆ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ರಾತ್ರಿ ಅದು ತೋಳ, ಕತ್ತೆಕಿರುಬಗಳ ಜಾಗ, ನಾವು ದೀಪ ಹಾಕಿಕೊಂಡು ಓಡಾಡೋದು ತಪ್ಪು. ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ ಬೆಳಿಗ್ಗೆ ಸಂಜೆ ವಾಕಿಂಗಿಗೆ ಬರುವವರು ಜಾಸ್ತಿ. ಯಲ್ಲಾಪುರದ ಆಚೆ ಅರಬೈಲ್ ಘಟ್ಟ ಉದ್ದ ಇದೆ, ಚೆಂದ ಇದೆ, ಆದರೆ ಅಲ್ಲಿ ಲಾರಿಗಳ ಸಾಲು ತಪ್ಪಲ್ಲ. ಕಡೆಗೆ ಧಾರವಾಡದ ಹೊರಗೆ, ತುದಿಯಲ್ಲಿ ಸಣ್ಣ ಗುಡಿ ಇರುವ ಒಂದು ಏರು ಸಿಕ್ಕಿತು. ರಾತ್ರಿ ಅಲ್ಲಿ ಗಾಡಿ ಓಡಾಡೋದು ಕಡಿಮೆ. ಊರಿನ ಹಿರಿಯರಿಗೆ, ಗುಡಿಯ ಪೂಜಾರಿಗೆ ಮೊದಲೇ ಹೇಳಿ ಇಟ್ಟಿದ್ದೆವು.

ಆ ಏರು ಒಂದು ಸಲ ಹತ್ತಿದರೆ ಸುಮಾರು 90 ಮೀಟರ್ ಎತ್ತರ. ಅಂದರೆ ನೂರು ಸಲದ ಹತ್ತಿರ ಹತ್ತಬೇಕು. ಇಳಿಜಾರು ಎಷ್ಟಿರಬೇಕು ಅನ್ನೋದೂ ಒಂದು ಲೆಕ್ಕ. ನೂರಕ್ಕೆ 5ರ ಏರಾದರೆ, ಅಂದರೆ ನೂರು ಮೀಟರ್ ಹೋದರೆ ಐದು ಮೀಟರ್ ಮೇಲೇರುವಂಥದ್ದಾದರೆ, ಕಾಲಿಗೆ ಹಗುರ, ಆದರೆ ಹತ್ತೋದೇ 177 ಕಿಲೋಮೀಟರ್ ಆಗುತ್ತದೆ, ಇಳಿಯೋದು ಮತ್ತೆ ಅಷ್ಟೇ. ನೂರಕ್ಕೆ 10 ಆದರೆ ಹತ್ತೋದು 88 ಕಿಲೋಮೀಟರ್‌ಗೆ ಮುಗಿಯುತ್ತದೆ, ಆದರೆ ಮಂಡಿ ಉಳಿಯಲ್ಲ. ನಮ್ಮದು ನೂರಕ್ಕೆ 7ರ ಆಸುಪಾಸು. ಹಿಂದಿನ ದೊಡ್ಡ ಗಿಯರ್‌ಗೆ ಹಾಕಿಕೊಂಡು, ಉಸಿರು ಏರದ ಹಾಗೆ, ಮಾತಾಡುತ್ತ ಹತ್ತುವಷ್ಟು ನಿಧಾನ ಹೋದರೆ ಆಗುತ್ತದೆ.

ಈಗ ಪ್ರಶ್ನೆಗೆ ಬರುತ್ತೇನೆ.

ನಾವು ಐದು ಜನ. ಹೈಸ್ಕೂಲಿನ ಪಿ.ಟಿ. ಮಾಸ್ತರು, ಐವತ್ತು ದಾಟಿದವರು. ಹುಬ್ಬಳ್ಳಿಯ ಬ್ಯಾಂಕಿನವನು. ಗದಗಿನ ಪ್ರೆಸ್ಸಿನವನು. ಹಾವೇರಿ ಕಡೆಯ ಒಬ್ಬ ಇಂಜಿನಿಯರಿಂಗ್ ಹುಡುಗ, ಅವನು ಗಾಳಿ ಹಾಗೆ ಹೋಗುತ್ತಾನೆ. ಮತ್ತೆ ನಾನು. ನಮ್ಮ ವೇಗ ಒಬ್ಬರದ್ದು ಇನ್ನೊಬ್ಬರಿಗೆ ಹೊಂದುವುದೇ ಇಲ್ಲ. ಉದ್ದದ ರೈಡಿಗೆ ಹೋದಾಗ ಏನಾಗುತ್ತೆ ಅಂತ ಸೈಕಲ್ ಹೊಡೆಯುವವರಿಗೆಲ್ಲ ಗೊತ್ತು. ಮೊದಲ ಐವತ್ತು ಕಿಲೋಮೀಟರ್ ಎಲ್ಲರೂ ಜೊತೆ. ಆಮೇಲೆ ಹುಡುಗ ಮುಂದೆ, ಮಾಸ್ತರು ಹಿಂದೆ, ನಡುವಿನವರು ಚೆಲ್ಲಾಪಿಲ್ಲಿ. ಮುಂದಿನವನು ಚಹಾದಂಗಡಿಯಲ್ಲಿ ಕಾದು ಕಾದು ಮೈ ತಣ್ಣಗಾಗಿರುತ್ತಾನೆ, ಹಿಂದಿನವರು ತಮ್ಮಿಂದ ಎಲ್ಲರಿಗೂ ತಡ ಆಯ್ತು ಅಂತ ಒಳಗೇ ಕೊರಗುತ್ತ ಊಟವನ್ನೂ ಬಿಟ್ಟು ತುಳಿಯುತ್ತಿರುತ್ತಾರೆ. ಸಂಜೆ ಫೋಟೋದಲ್ಲಿ ಎಲ್ಲರೂ ಇರುತ್ತಾರೆ, ದಾರಿಯಲ್ಲಿ ಮಾತ್ರ ಒಬ್ಬೊಬ್ಬರೇ.

ಒಂದೇ ಗುಡ್ಡದಲ್ಲಿ ಇದು ಆಗೋದಿಲ್ಲ. ಇಲ್ಲಿ ಯಾರೂ ಹಿಂದೆ ಬೀಳಲ್ಲ, ಬೀಳೋಕೆ ಜಾಗವೇ ಇಲ್ಲ. ಹುಡುಗ ಇಳಿಯುವಾಗ ಮಾಸ್ತರು ಹತ್ತುತ್ತಿರುತ್ತಾರೆ, ಎದುರುಬದುರು. ಪ್ರತಿ ಸುತ್ತಿನಲ್ಲೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಮಾಸ್ತರ ಹೆಗಲು ಬಾಗಿದೆ ಅಂತ ನನಗೆ ಗೊತ್ತಾಗುತ್ತದೆ, ನಾನು ಎರಡು ಸುತ್ತಿನಿಂದ ಮಾತಾಡಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ಯಾರೂ ಯಾರಿಗೂ ಕಾಯಬೇಕಿಲ್ಲ, ಯಾರಿಂದಲೂ ಯಾರಿಗೂ ತಡ ಆಗಲ್ಲ. ತಮ್ಮ ತಮ್ಮ ವೇಗದಲ್ಲಿ ಹೋಗುತ್ತಲೇ ಒಂದು ಹಗಲು ಒಂದು ರಾತ್ರಿ ಐದೂ ಜನ ಒಟ್ಟಿಗಿದ್ದೆವು. ಏನು ಸಿಗುತ್ತೆ ಅಂತ ಕೇಳಿದಿರಲ್ಲ, ನನಗೆ ಸಿಕ್ಕಿದ್ದು ಇದು. ಗೋವಾ ದಾರಿಯಲ್ಲಿ ನನಗಿದು ಯಾವತ್ತೂ ಸಿಕ್ಕಿಲ್ಲ.

ಕೆಳಗೆ, ಏರು ಶುರುವಾಗುವಲ್ಲಿ, ಒಂದು ಬೇವಿನ ಮರದಡಿ ನಮ್ಮ ಬಿಡಾರ. ಅಲ್ಲಿ ಮಾಸ್ತರ ಹೆಂಡತಿ, ನಾವೆಲ್ಲ ವೈನಿ ಅಂತೇವೆ, ಮಡಚುವ ಕುರ್ಚಿಯಲ್ಲಿ ಉದ್ದ ವಹಿ ಹಿಡಿದು ಕೂತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪುಟ. ಕೆಳಗೆ ಬಂದು ತಿರುಗಿದಾಗೆಲ್ಲ ಒಂದು ಗೆರೆ, ಐದನೆಯದು ಅಡ್ಡ ಗೆರೆ. ಹ್ಯಾಂಡಲ್ ಮೇಲೆ ಎತ್ತರ ತೋರಿಸುವ ಮೀಟರ್ ಇದೆಯಲ್ಲ, ವಹಿ ಯಾಕೆ ಅಂತ ಕೇಳಬಹುದು. ಇಂಥ ಬಹಳಷ್ಟು ಮೀಟರ್‌ಗಳು ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತವೆ. ರಾತ್ರಿ ಹವೆ ಬದಲಾದರೆ ಒತ್ತಡವೂ ಬದಲಾಗುತ್ತದೆ, ಲೆಕ್ಕ ಅತ್ತಿತ್ತ ಸರಿಯುತ್ತದೆ. ನಮ್ಮ ಐದು ಮೀಟರ್ ಐದು ಎತ್ತರ ತೋರಿಸುತ್ತಿದ್ದವು. ವೈನಿಯ ಗೆರೆ ಮಾತ್ರ ಗೆರೆಯೇ.

ಊಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಈ ಕೆಲಸ ಕಾಲಿಗಿಂತ ಹೊಟ್ಟೆಯದ್ದು. ಸೈಕಲ್ ಸೇರಿ 80 ಕಿಲೋ ಭಾರವನ್ನ 8848 ಮೀಟರ್ ಮೇಲೆತ್ತೋಕೆ ಸುಮಾರು 1650 ಕ್ಯಾಲರಿ ಶಕ್ತಿ ಸಾಕು. ಆದರೆ ನಾವು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ಹೋಗುವುದು ಕಾಲು ಭಾಗದೊಳಗೇ, ಉಳಿದದ್ದು ಬಿಸಿಯಾಗಿ, ಬೆವರಾಗಿ ಹೋಗುತ್ತದೆ. ಹಾಗಾಗಿ ಖರ್ಚು ಏಳು ಸಾವಿರ ದಾಟುತ್ತದೆ. ಮೈಯಲ್ಲಿ ಸಕ್ಕರೆಯ ರೂಪದಲ್ಲಿ ಕೂಡಿಟ್ಟಿರೋದು ಎರಡು ಸಾವಿರದ ಆಸುಪಾಸು ಅಷ್ಟೇ. ಅದು ಖಾಲಿ ಆದ ಮೇಲೆ ಎಷ್ಟು ಮನಸ್ಸಿದ್ದರೂ ಕಾಲು ತಿರುಗಲ್ಲ. ಅದಕ್ಕೆ ಹಸಿವಾಗುವ ಮೊದಲೇ, ಗಂಟೆ ನೋಡಿ ತಿನ್ನಬೇಕು. ಬಾಳೆಹಣ್ಣು, ಬೆಲ್ಲ, ಮೆತ್ತಗೆ ಕಲಸಿದ ಮೊಸರನ್ನ, ಅರ್ಧರ್ಧ ಶೇಂಗಾ ಹೋಳಿಗೆ, ನಮ್ಮ ಪೇಡೆ. ಬರೀ ನೀರು ಕುಡಿದರೂ ಆಗಲ್ಲ, ಬೆವರಲ್ಲಿ ಹೋದ ಉಪ್ಪು ವಾಪಸ್ ಬರಬೇಕು. ಉಪ್ಪು ಹಾಕಿದ ಮಜ್ಜಿಗೆ, ಲಿಂಬು ಪಾನಕ. ಸಂಜೆ ಯಾರೋ ಬಿಸಿ ಗಿರಮಿಟ್, ಮಿರ್ಚಿ ತಂದುಕೊಟ್ಟರು. ಗಿರಮಿಟ್ ತಿಂದೆವು. ಮಿರ್ಚಿಯನ್ನ ವೈನಿ ಮುಟ್ಟಗೊಡಲಿಲ್ಲ, ಎಣ್ಣೆಯದ್ದು ಹೊಟ್ಟೆಯಲ್ಲೇ ಕೂತುಬಿಡುತ್ತದೆ.

ಪ್ರೆಸ್ಸಿನ ಗೆಳೆಯ ಅರ್ಧದ ಹತ್ತಿರ, 4424 ಮೀಟರ್ ದಾಟಿದ ಮೇಲೆ ನಿಂತ. ಮಂಡಿ ಹಿಡಿದಿತ್ತು. ಮಾಸ್ತರು ಬಂದು ಎರಡೂ ಕೈಯಿಂದ ಮಂಡಿ ಒತ್ತಿ ನೋಡಿದರು, ಮಡಚಿಸಿದರು, ನೀಡಿಸಿದರು. "ಸಾಕು ದೋಸ್ತ, ಇವತ್ತಿಗೆ ಬಿಡು" ಅಂದರು. ಅವನು ಬಿಟ್ಟ. ಇದೇ ಗೋವಾ ದಾರಿಯಾಗಿದ್ದರೆ ಅವನು ಆಗಲೇ ಯಾವುದೋ ಟೆಂಪೋದಲ್ಲಿ ಸೈಕಲ್ ಹಾಕಿಕೊಂಡು ಒಬ್ಬನೇ ಊರಿಗೆ ಹೊರಟಿರುತ್ತಿದ್ದ. ಇಲ್ಲಿ ಅವನು ಎಲ್ಲೂ ಹೋಗಲಿಲ್ಲ. ಸ್ಟೋವ್ ಅವನ ಕೈಗೆ ಬಂತು. ರಾತ್ರಿಯೆಲ್ಲ ಚಹಾ ಕಾಸಿದ, ನಮ್ಮ ದೀಪಗಳಿಗೆ ಚಾರ್ಜ್ ಹಾಕಿದ, ಚೈನಿಗೆ ಎಣ್ಣೆ ಬಿಟ್ಟ. ನಡುರಾತ್ರಿ ಕಂಬಳಿ ಹೊದ್ದು ಗುಡಿಯ ತನಕ ನಡೆದು ಬಂದು, ತುದಿಯಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದ. ನಾನು ಪೂರ್ತಿ ಮಾಡಿದೆ ಅನ್ನೋದಿದ್ದರೆ ಅದರಲ್ಲಿ ಅವನ ಪಾಲು ದೊಡ್ಡದು.

ಕಷ್ಟ ಯಾವಾಗ ಅಂತಲೂ ಕೇಳುತ್ತಾರೆ. ಮಧ್ಯರಾತ್ರಿ ಅಲ್ಲ, ನಸುಕಿನ ಮೂರು ನಾಲ್ಕು ಗಂಟೆ. ಧಾರವಾಡದ ಡಿಸೆಂಬರ್ ಚಳಿ ಗೊತ್ತಲ್ವಾ. ಹತ್ತುವಾಗ ಬೆವರು, ಇಳಿಯುವಾಗ ಅದೇ ಬೆವರು ತಣ್ಣಗಾಗಿ ಎದೆಗೆ ಹತ್ತುತ್ತದೆ. ಕಾಲಿಗಿಂತ ಕೈ ಸೋಲುತ್ತದೆ, ಅಷ್ಟು ಸಲ ಬ್ರೇಕ್ ಹಿಡಿದು ಹಿಡಿದು ಬೆರಳು ಮಡಚಿದ ಹಾಗೇ ನಿಂತುಬಿಡುತ್ತವೆ. ಮಾಸ್ತರಿಗೆ ಪೇಡೆ ಪುಡಿಕೆಯ ದಾರ ಬಿಚ್ಚೋಕೆ ಆಗಲಿಲ್ಲ. ವೈನಿ ಬಿಚ್ಚಿ, ಒಂದು ಪೇಡೆ ಅವರ ಬಾಯಿಗಿಟ್ಟು, ಬೆರಳು ಒಂದೊಂದಾಗಿ ತಿಕ್ಕಿ ಬಿಡಿಸಿದರು. ಆ ಹೊತ್ತಿನಲ್ಲಿ ಕಣ್ಣು ಸರಿಯಾಗಿ ಕೆಲಸ ಮಾಡಲ್ಲ, ಕಿವಿಯೇ ಆಧಾರ. ಟಕ್ ಟಕ್ ಅಂದರೆ ಮಾಸ್ತರ ಹಳೇ ಪೆಡಲು. ತೆಳ್ಳಗೆ ಕಿರ್ ಅಂದರೆ ಹುಡುಗನ ಚಕ್ರ. ಬ್ಯಾಂಕಿನವನು ಕುಮಾರ ಗಂಧರ್ವರ ಭಜನ್ ಗುನುಗುತ್ತ ಬರುತ್ತಿದ್ದ, ಗುನುಗು ನಿಂತರೆ ಅವನಿಗೆ ಸಕ್ಕರೆ ಬೇಕು ಅಂತ ಲೆಕ್ಕ. ದೀಪ ಕಾಣುವ ಮೊದಲೇ ಯಾರು ಬರುತ್ತಿದ್ದಾರೆ, ಹೇಗಿದ್ದಾರೆ ಅಂತ ಗೊತ್ತಾಗುತ್ತಿತ್ತು.

ಬೆಳಕು ಹರಿದಾಗ ಒಬ್ಬ ಅಜ್ಜ ಕುರಿ ಹೊಡಕೊಂಡು ಬಂದ. ಒಂದಿಷ್ಟು ಹೊತ್ತು ನಿಂತು ನೋಡಿದ. "ತಮ್ಮಾ, ಏನರ ಕಳಕೊಂಡೀರೇನು?" ಅಂತ ಮಾಸ್ತರನ್ನ ಕೇಳಿದ. ಮಾಸ್ತರು ನಿಲ್ಲದೇ, ಹತ್ತುತ್ತಲೇ, ಎರಡು ಸುತ್ತಿನಲ್ಲಿ ಪೂರ್ತಿ ವಿಷಯ ಹೇಳಿದರು. ಅಜ್ಜ ತಲೆ ಆಡಿಸಿ, "ಹಂಗಾದ್ರ ಇನ್ನ ಎಷ್ಟ ಉಳದೈತಿ?" ಅಂದ. ಆಮೇಲೆ ಕುರಿಗಳನ್ನ ರಸ್ತೆಯಿಂದ ಆಚೆ ದಾಟಿಸಿ, ಕೆಳಗಿನ ಹೊಲದಲ್ಲೇ ಮೇಯಿಸಿದ, ನಮಗೆ ಅಡ್ಡ ಬರಬಾರದು ಅಂತ. ಎಷ್ಟು ಜನ ಏನೇನೋ ಕೇಳಿದ್ದಾರೆ, ನನಗೆ ಅಜ್ಜನ ಪ್ರಶ್ನೆಯೇ ಹೆಚ್ಚು ಹಿಡಿಸಿತು.

ಹುಡುಗ ಬೆಳಿಗ್ಗೆಯೇ ಮುಗಿಸಿದ. ಮುಗಿಸಿ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಅರ್ಧ ಗಂಟೆ ಕೂತು, ಮತ್ತೆ ಸೈಕಲ್ ಹತ್ತಿ ಮಾಸ್ತರ ಪಕ್ಕದಲ್ಲಿ ಅವರ ವೇಗದಲ್ಲೇ ಹೋಗತೊಡಗಿದ. ಬ್ಯಾಂಕಿನವನು, ನಾನು ಮುಗಿಸಿದ ಮೇಲೆ ನಾವೂ ಸೇರಿಕೊಂಡೆವು. ಬಿಸಿಲು ಏರಿತ್ತು. ವೈನಿ ಮಾಸ್ತರ ಪುಟದಲ್ಲಿ ಕಡೆಯ ಗೆರೆ ಎಳೆದದ್ದು ಮಧ್ಯಾಹ್ನ ಎರಡರ ಮೇಲೆ.

ಇನ್ನು, ನಾವೂ ಬರಬಹುದಾ ಅಂತ ಕೇಳುವವರಿಗೆ. ಖಂಡಿತ ಬನ್ನಿ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನ ಕೇಳದೇ ಬರಬೇಡಿ. ಮೊದಲೇ ಪೂರ್ತಿಗೆ ಕೈ ಹಾಕಬೇಡಿ, ಕಾಲು ಭಾಗ ಅಂದರೆ 2212 ಮೀಟರ್ ಮಾಡಿ ನೋಡಿ, ಆಮೇಲೆ ಅರ್ಧ. ದುಬಾರಿ ಸೈಕಲ್ಲೇ ಬೇಕು ಅಂತಿಲ್ಲ, ಹಗುರ ಗಿಯರ್ ಇದ್ದರೆ ಸಾಕು. ಸುಸ್ತಾದವರನ್ನ ಅಲ್ಲಿ ಇಲ್ಲಿ ನಿಂತು ನೋಡಿಕೊಳ್ಳೋಕೂ ಜನ ಬೇಕು, ಸೈಕಲ್ ಹೊಡೆಯದವರಿಗೂ ಕೆಲಸ ಇದೆ. ಪ್ರೆಸ್ಸಿನ ಗೆಳೆಯನ ಮಂಡಿ ಈಗ ಸರಿ ಇದೆ. ಹಿಂದಿನ ಅರ್ಧ ಲೆಕ್ಕಕ್ಕೆ ಬರಲ್ಲ, ಅವನು ಮೊದಲಿಂದ ಶುರು ಮಾಡಬೇಕು. ಈ ಸಲ ಅವನಿಗಾಗಿಯೇ ಹೋಗುತ್ತಿದ್ದೇವೆ. ದೀಪಾವಳಿ ಮುಗಿದ ಮೇಲೆ ತಾರೀಖು ಗೊತ್ತು ಮಾಡುತ್ತೇವೆ. ಬರುವವರು ಬ್ರೇಕ್ ಪ್ಯಾಡ್ ಹೊಸದು ಹಾಕಿಸಿಕೊಳ್ಳಿ, ಮುಂದಿನ ದೀಪ ಎರಡು ಇರಲಿ, ಇಳಿಯುವಾಗ ಹಾಕೋಕೆ ಒಂದು ಜಾಕೆಟ್ ತನ್ನಿ. ಊಟದ ಚಿಂತೆ ಬೇಡ, ವೈನಿ ಈಗಲೇ ಪಟ್ಟಿ ಮಾಡುತ್ತಿದ್ದಾರೆ.