ಯಾರೂ ಹೊರಗೆ ಹೋಗಬೇಡಿ

ನಾನು ನಮ್ಮ ಹೈಸ್ಕೂಲಿಗೆ ಸೇರಿದ್ದು 2013ರಲ್ಲಿ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಯೋಜನೆ ಆಗಷ್ಟೇ ಬಂದಿತ್ತು. ಸೋಮವಾರ ಬಿಸಿಯೂಟ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ನೀಲಿ ಮಾತ್ರೆ. ಅದನ್ನು ತಿಂದರೆ ಮುಂದೆ ಮಕ್ಕಳಾಗಲ್ಲ ಅಂತ ಊರಲ್ಲಿ ಸುದ್ದಿ. ನಾವು ನಾಲಿಗೆಯ ಕೆಳಗಿಟ್ಟುಕೊಂಡು ಹೋಗಿ ತೆಂಗಿನ ಬುಡಕ್ಕೆ ಉಗಿಯುತ್ತಿದ್ದೆವು. ವಿಜ್ಞಾನದ ಟೀಚರ್ ಅದನ್ನು ನೋಡಿದರು. ಬೈಯಲಿಲ್ಲ. ನಮ್ಮೆದುರೇ ತಾವೊಂದು ನುಂಗಿದರು. ಆಮೇಲೆ ರಕ್ತಕ್ಕೆ ಕಬ್ಬಿಣ ಯಾಕೆ ಬೇಕು, ಮಲ ಕಪ್ಪಗಾದರೆ ಯಾಕೆ ಹೆದರಬೇಕಿಲ್ಲ, ಮಾತ್ರೆ ನುಂಗಿದ ಕೂಡಲೇ ಟೀ ಯಾಕೆ ಕುಡಿಯಬಾರದು ಅಂತ ಬಿಡಿಸಿ ಹೇಳಿದರು.

ಹುಡುಗಿಯರಿಗೆ ಸರ್ಕಾರ ಕೊಡುವ ಶುಚಿ ಯೋಜನೆಯ ಮುಟ್ಟಿನ ಪ್ಯಾಡುಗಳು ಬಂದ ದಿನ ನಾವು ಹುಡುಗರು ಚೆಂಡು ಹಿಡಿದು ಎದ್ದೆವು. ಅಂಥ ಹೊತ್ತಲ್ಲಿ ಗಂಡುಮಕ್ಕಳನ್ನು ಆಟಕ್ಕೆ ಬಿಡುವುದು ರೂಢಿ ಅಲ್ವಾ?

"ಯಾರೂ ಹೊರಗೆ ಹೋಗಬೇಡಿ. ಕೂತ್ಕೊಳ್ಳಿ" ಅಂದರು ಟೀಚರ್.

ಬೋರ್ಡಿನ ಮೇಲೆ ಗರ್ಭಕೋಶದ ಚಿತ್ರ ಬರೆದರು. ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ಅದು ನಿಲ್ಲುವವರೆಗೂ ಸುಮ್ಮನೆ ನಿಂತಿದ್ದರು. ಮಗುವಿಗಾಗಿ ಗರ್ಭಕೋಶದ ಒಳಗೆ ಒಂದು ಪದರ ಬೆಳೆಯುತ್ತೆ, ಗರ್ಭ ನಿಲ್ಲದಿದ್ದರೆ ಅದು ರಕ್ತದ ಜೊತೆ ಹೊರಬರುತ್ತೆ, ಅದೇ ಮುಟ್ಟು ಅಂತ ವಿವರಿಸಿ, "ಇದರಲ್ಲಿ ಮೈಲಿಗೆ ಎಲ್ಲಿದೆ, ನೀವೇ ಹೇಳಿ" ಅಂದರು. ಯಾರೂ ಬಾಯಿ ಬಿಡಲಿಲ್ಲ.

ಮೇಜಿನ ಮೇಲೆ ಚಾಕ್‌ಪೀಸ್ ಡಬ್ಬವೊಂದನ್ನು ಇಟ್ಟಿದ್ದರು. ಹೆಸರು ಬರೆಯದೆ ಪ್ರಶ್ನೆ ಹಾಕಬಹುದು. ನಿದ್ದೆಯಲ್ಲಿ ವೀರ್ಯ ಹೋಗುವುದು ಕಾಯಿಲೆಯಾ ಅಂತ ಎಡಗೈಯಲ್ಲಿ ಬರೆದು ಹಾಕಿದೆ. ಅಕ್ಷರ ಗುರುತು ಸಿಗಬಾರದಲ್ಲ. ಬಸ್ ಸ್ಟ್ಯಾಂಡ್ ಗೋಡೆಯ 'ಗುಪ್ತರೋಗ' ಪೋಸ್ಟರ್ ಓದಿ ತಿಂಗಳುಗಟ್ಟಲೆ ಒಳಗೊಳಗೇ ಹೆದರಿದ್ದೆ. ಸತ್ತೇ ಹೋಗುತ್ತೇನೆ ಅನ್ನಿಸುತ್ತಿತ್ತು. ಟೀಚರ್ ಚೀಟಿ ಓದಿ, ಯಾರ ಮುಖವನ್ನೂ ನೋಡದೆ, "ಇದು ಕಾಯಿಲೆಯಲ್ಲ. ಈ ವಯಸ್ಸಿನಲ್ಲಿ ಸಹಜ. ಯಾವ ಔಷಧಿಯೂ ಬೇಡ" ಅಂದರು. ಅವತ್ತು ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ನಮ್ಮ ಮನೆಯಲ್ಲಿ ಅಕ್ಕ ತಿಂಗಳಿಗೆ ಮೂರು ದಿನ ಹಿತ್ತಿಲ ಕಡೆಯ ಜಗುಲಿಯಲ್ಲಿ ಚಾಪೆ ಹಾಕಿಕೊಂಡು ಇರುತ್ತಿದ್ದಳು. ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಮುಂದಿನ ತಿಂಗಳು ನನ್ನ ತಟ್ಟೆ ತಗೊಂಡು ಹೋಗಿ ಅವಳ ಪಕ್ಕ ಕೂತೆ. "ಗಂಡು ಹುಡುಗ, ನಿನಗ್ಯಾಕೋ ಇದೆಲ್ಲ" ಅಂತ ಅಮ್ಮ ರೇಗಿದಳು. ಅಕ್ಕ ಏನೂ ಅನ್ನಲಿಲ್ಲ, ತನ್ನ ತಟ್ಟೆಯ ಉಪ್ಪಿನಕಾಯಿ ನನ್ನ ಕಡೆ ಸರಿಸಿದಳು. ಅವಳ ಚಾಪೆ ಒಳಗೆ ಬರಲು ಎರಡು ವರ್ಷ ಬೇಕಾಯಿತು.

ಟೀಚರ್ 'ಜೀವನ ಕೌಶಲ' ಅನ್ನೋ ಪದವನ್ನು ಒಂದು ಸಲವೂ ಬಳಸಿದವರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 10 ಕೌಶಲಗಳ ಪಟ್ಟಿಯನ್ನು ನಾನು ನೋಡಿದ್ದು ನರ್ಸಿಂಗ್ ಓದುವಾಗ. ಬೇರೆಯವರ ನೋವು ಅರಿಯುವುದು ಅಂತ ಅದರಲ್ಲೊಂದು ಇದೆ. ಓದಿದಾಗ ಆ ಜಗುಲಿ ಕಣ್ಣ ಮುಂದೆ ಬಂತು.

ಈಗ ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಹಿಮೋಗ್ಲೋಬಿನ್ 12 ಇರಬೇಕಾದ ಹುಡುಗಿಯರು 8, 9 ಇಟ್ಟುಕೊಂಡು, "ಸ್ವಲ್ಪ ಸುಸ್ತು ಅಷ್ಟೇ" ಅಂತ ಬರುತ್ತಾರೆ. ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ. ಆದರೆ ಬೋರ್ಡು ನೋಡಿ ತಾವಾಗಿ ಒಳಗೆ ಬರುವ ಮಕ್ಕಳು ಕಡಿಮೆ. ಈ ಮಾತು ಕ್ಲಾಸ್‌ರೂಮಿನಲ್ಲೇ ಆಗಬೇಕು.

ಮೊನ್ನೆ ಒಬ್ಬ ಹುಡುಗಿಗೆ ಮುಟ್ಟಿನ ಬಗ್ಗೆ ಕೇಳಬೇಕಿತ್ತು. ಜೊತೆಗೆ ಬಂದ ತಮ್ಮ ಬಾಗಿಲ ಕಡೆ ಹೊರಟ. ಅವನು ಇಲ್ಲೇ ಇರಲಾ ಅಂತ ಅವಳನ್ನು ಕೇಳಿದೆ. ಹೂಂ ಅಂತ ತಲೆಯಾಡಿಸಿದಳು. ಸ್ಟೂಲ್ ಎಳೆದು ಅವನಿಗೆ "ಕೂತ್ಕೊ" ಅಂದೆ.