ಪುಟ್ಟಿಯ ತುತ್ತು: ಮಿಕ್ಸರ್ ಇಲ್ಲದ ಹತ್ತು ವಾರ

ಜೂನ್ 2

ಶಾಲೆ ಶುರುವಾಗಿ ಹೆಂಡತಿ ಪಾಠಕ್ಕೆ ಹೊರಟಳು. ನನ್ನದು ಪಾಳಿ ಕೆಲಸ. ವಾರದಲ್ಲಿ ನಾಲ್ಕೈದು ಮಧ್ಯಾಹ್ನ ಕಾರವಾರದ ಮನೆಯಲ್ಲೇ ಇರುತ್ತೇನೆ. ಹಾಗಾಗಿ ಪುಟ್ಟಿಯ ಮಧ್ಯಾಹ್ನದ ಊಟ ಇನ್ನು ಮುಂದೆ ನನ್ನ ಪಾಲು. ಅವಳಿಗೆ ಈಗ 13 ತಿಂಗಳು. ಮೇಲೆ ನಾಲ್ಕು, ಕೆಳಗೆ ಎರಡು ಹಲ್ಲು ಬಂದಿವೆ. ಊಟ ಮಾತ್ರ ಏಳನೆಯ ತಿಂಗಳಿನದೇ: ಅನ್ನ, ಬೇಳೆ, ಕ್ಯಾರೆಟ್, ತುಪ್ಪ ಎಲ್ಲವನ್ನೂ ಒಟ್ಟಿಗೆ ಮಿಕ್ಸರಿಗೆ ಹಾಕಿ, ಬಣ್ಣ ತಿಳಿಯದಷ್ಟು ನುಣ್ಣಗೆ ತಿರುಗಿಸಿ, ಚಮಚದಲ್ಲಿ ಬಾಯಿಗೆ ಇಳಿಸುವುದು. ಅವಳು ಅದನ್ನು ಕುಡಿಯುತ್ತಾಳೆ. ತಿನ್ನುತ್ತಾಳೆ ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ.

ಹೀಗಾದದ್ದಕ್ಕೆ ಕಾರಣ ನಮ್ಮ ಹೆದರಿಕೆ. ಎಂಟನೆಯ ತಿಂಗಳಲ್ಲಿ ಒಂದು ದಿನ ನೆನೆಸಿದ ಅವಲಕ್ಕಿ ಕೊಟ್ಟಾಗ ಪುಟ್ಟಿ ಓಕರಿಸಿದಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ತಿಂದದ್ದೆಲ್ಲ ಹೊರಬಂತು. ನನ್ನ ಅಮ್ಮ ಮಗುವನ್ನು ಎತ್ತಿಕೊಂಡು ಜಗಲಿಗೆ ಓಡಿದಳು. ಎರಡು ನಿಮಿಷದಲ್ಲಿ ಮಗು ನಗುತ್ತಿತ್ತು. ನಾವು ಮೂವರು ದೊಡ್ಡವರು ಮಾತ್ರ ಆ ದಿನದಿಂದ ಹೊರಬರಲಿಲ್ಲ. ಅವತ್ತು ಸಂಜೆಯಿಂದಲೇ ಎಲ್ಲವೂ ಮಿಕ್ಸರಿನ ಪಾಲಾಯಿತು.

ವರ್ಷ ತುಂಬಿದ ಮೇಲಿನ ತಪಾಸಣೆಯಲ್ಲಿ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ನೀವು ತಿನ್ನುವುದನ್ನು ಅವಳು ತಿನ್ನುತ್ತಾಳೆಯೇ?" ಮನೆಗೆ ಬಂದು ಓದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 6 ತಿಂಗಳಿಗೆ ಮೇಲಾಹಾರ ಶುರುವಾಗಬೇಕು, 8 ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವೇ ಕೈಯಲ್ಲಿ ಹಿಡಿದು ತಿನ್ನುವಂಥದ್ದನ್ನು ತಿನ್ನಬಲ್ಲರು, 12 ತಿಂಗಳಿಗೆ ಮನೆಯವರ ಊಟವನ್ನೇ ಮಾಡಬಲ್ಲರು. ಗಂಟುಗಂಟಾದ ಆಹಾರ 10 ತಿಂಗಳಾದರೂ ಬಾಯಿಗೆ ಬೀಳದಿದ್ದರೆ ಮುಂದೆ ಊಟದ ತಕರಾರು ಹೆಚ್ಚುವ ಸಂಭವವಿದೆಯಂತೆ. ನಾವು ಆ ಗಡಿಯನ್ನು ಮೂರು ತಿಂಗಳ ಹಿಂದೆಯೇ ದಾಟಿದ್ದೇವೆ. ಹಾಗಾಗಿ ಈ ದಿನಚರಿ.

ಜೂನ್ 4

ಅಡುಗೆಗೆ ಕೈ ಹಾಕುವ ಮೊದಲು ಹೆದರಿಕೆಯ ಲೆಕ್ಕ ಮುಗಿಸಬೇಕು ಎನಿಸಿತು. ಓಕರಿಸುವುದು ಬೇರೆ, ಉಸಿರು ಕಟ್ಟುವುದು ಬೇರೆ. ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ, ಕೆಂಪಾಗುತ್ತದೆ, ನಾಲಿಗೆಯಿಂದ ತುತ್ತನ್ನು ಮುಂದಕ್ಕೆ ತಳ್ಳುತ್ತದೆ. ಅದು ಗಂಟಲಿನ ಕಾವಲು. ಎಳೆಯ ಮಕ್ಕಳಲ್ಲಿ ಈ ಕಾವಲು ನಾಲಿಗೆಯ ಮುಂಭಾಗಕ್ಕೆ ಹತ್ತಿರವಿರುತ್ತದೆ. ಗಟ್ಟಿ ಪದಾರ್ಥ ಅಭ್ಯಾಸವಾದಂತೆ ಹಿಂದಕ್ಕೆ ಸರಿಯುತ್ತದೆ. ಅಭ್ಯಾಸವೇ ಇಲ್ಲದಿದ್ದರೆ ಸರಿಯುವುದಾದರೂ ಹೇಗೆ? ನಿಜವಾಗಿ ಉಸಿರು ಕಟ್ಟಿದ ಮಗು ಸದ್ದು ಮಾಡಲಾರದು, ಕೆಮ್ಮಲಾರದು, ಅಳಲಾರದು. ತುಟಿ ನೀಲಿಯಾಗತೊಡಗುತ್ತದೆ.

ಆಗ ಮಾಡಬೇಕಾದದ್ದನ್ನು ಮೂವರೂ ಕಲಿತೆವು. ಒಂದು ವರ್ಷದೊಳಗಿನ ಮಗುವಾದರೆ ತಲೆ ಕೆಳಮುಖವಾಗಿ ಮುಂಗೈ ಮೇಲೆ ಮಲಗಿಸಿ ಬೆನ್ನಿನ ಮೇಲ್ಭಾಗಕ್ಕೆ, ಎರಡು ಭುಜದೆಲುಬುಗಳ ನಡುವೆ, 5 ಪೆಟ್ಟು. ಅನಂತರ ತಿರುಗಿಸಿ ಎದೆಯ ಮೇಲೆ 5 ಒತ್ತು. ವರ್ಷ ದಾಟಿದ ಮಗುವಿಗೆ ಬೆನ್ನಿಗೆ 5 ಪೆಟ್ಟು ಕೊಟ್ಟು, ಎದೆಯ ಬದಲು ಹೊಟ್ಟೆಯನ್ನು ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ 5 ಸಲ ಒತ್ತುವುದು. ಜೊತೆಗಿರುವವರು 108ಕ್ಕೆ ಕರೆ ಮಾಡಬೇಕು. ಕಾಣದ ತುತ್ತಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು. ಅದು ಇನ್ನೂ ಕೆಳಗೆ ಹೋದೀತು. ಅಮ್ಮ ತಲೆದಿಂಬಿನ ಮೇಲೆ ಎರಡು ಸಲ ಮಾಡಿ ನೋಡಿದಳು. ಅನಂತರ ಅವಳ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಚಿಕ್ಕ ಮಗುವಿರುವ ಪ್ರತಿ ಮನೆಯಲ್ಲೂ ಇಷ್ಟನ್ನು ಮೊದಲು ಕಲಿಯಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ನಮ್ಮ ಮನೆಯ ಕಟ್ಟುನಿಟ್ಟು ಇಷ್ಟು: ನೆಟ್ಟಗೆ ಕೂತೇ ತಿನ್ನಬೇಕು, ಒಬ್ಬರು ಎದುರಿಗೆ ಇರಲೇಬೇಕು, ಆಡುತ್ತಾ ಓಡುತ್ತಾ ತುತ್ತು ಕೊಡಕೂಡದು. ಇಡೀ ಶೇಂಗಾ, ಗೋಡಂಬಿ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ತೆಂಗಿನ ಹೋಳು, ಬೇಯಿಸಿದ ಹಲಸಿನ ಬೀಜದ ಗಟ್ಟಿ ತುಂಡು, ಇವು ಇನ್ನೂ ಕೆಲವು ವರ್ಷ ಅವಳ ಕೈಗೆ ಸಿಗಕೂಡದು.

ಜೂನ್ 9

ಮೊದಲ ಪ್ರಯತ್ನ ಸೋತಿತು. ಆದರೆ ಸೋತ ಬಗೆಯಲ್ಲಿ ಕಲಿಯುವುದಿತ್ತು.

ಮಿಕ್ಸರ್ ಬಿಟ್ಟರೆ ಅತ್ಯಂತ ಮೆತ್ತಗಿನದು ಕುಚ್ಚಲಕ್ಕಿ ಗಂಜಿ ಎಂದುಕೊಂಡೆ. ಚೆನ್ನಾಗಿ ಬೇಯಿಸಿ, ತಿಳಿಯ ಸಮೇತ ಬಟ್ಟಲಿಗೆ ಹಾಕಿ ಕೊಟ್ಟೆ. ಮೂರು ದಿನವೂ ಅದೇ ಕತೆ: ತಿಳಿ ಗಂಟಲಿಗೆ ಇಳಿಯುತ್ತದೆ, ಅಗುಳು ನಾಲಿಗೆಯ ಮೇಲೆ ಉಳಿಯುತ್ತದೆ, ಅವಳು ಗಾಬರಿಯಾಗಿ ಉಗುಳುತ್ತಾಳೆ. ಒಮ್ಮೆ ನೆತ್ತಿಗೂ ಹತ್ತಿತು.

ನೀರು ಮತ್ತು ಅಗುಳು ಬೆರೆತ ಆಹಾರವೇ ಮಕ್ಕಳಿಗೆ ಎಲ್ಲಕ್ಕಿಂತ ಕಠಿಣ ಎಂದು ಆಮೇಲೆ ತಿಳಿಯಿತು. ಒಂದೇ ಬಾಯಿ ಒಂದೇ ಹೊತ್ತಿಗೆ ಕುಡಿಯುವ ಕೆಲಸವನ್ನೂ ಅಗಿಯುವ ಕೆಲಸವನ್ನೂ ಮಾಡಬೇಕು. ದೊಡ್ಡವರಿಗೆ ಗಂಜಿ ಎಂದರೆ ಜ್ವರ ಬಂದವರ ಊಟ, ಸುಲಭದ್ದು. ಅಗಿಯಲು ಈಗಷ್ಟೇ ಕಲಿಯುವವರಿಗೆ ಅದು ಎರಡು ಪಾಠ ಒಟ್ಟಿಗೆ. ಕುಚ್ಚಲಕ್ಕಿಯ ಅಗುಳಂತೂ ಎಷ್ಟು ಬೆಂದರೂ ತನ್ನ ಆಕಾರ ಬಿಡುವುದಿಲ್ಲ.

ಇಂದು ತಿಳಿಯನ್ನು ಪೂರ್ತಿ ಬಸಿದೆ. ಅಗುಳಿಗೆ ಬೆಂದ ಹೆಸರುಬೇಳೆ, ಅರ್ಧ ಚಮಚ ತುಪ್ಪ ಸೇರಿಸಿ, ಚಮಚದ ಬೆನ್ನಿನಿಂದ ನುರಿದು ದಪ್ಪ ಮುದ್ದೆಯಾಗಿಸಿದೆ. ಚಮಚ ಓರೆ ಮಾಡಿದರೂ ಬೀಳದಷ್ಟು ದಪ್ಪ. ಆರು ಚಮಚ ಹೋಯಿತು. ಉಗುಳಲಿಲ್ಲ. ಬಸಿದ ತಿಳಿಯನ್ನು ಊಟದ ನಂತರ ಲೋಟದಲ್ಲಿ ಕೊಟ್ಟೆ.

ಜೂನ್ 16

ಇಂದು ಚಮಚವನ್ನೂ ಬಿಟ್ಟೆವು. ಅದು ಅಮ್ಮನಿಂದಾಗಿ.

ನಾನು ತಟ್ಟೆಯಲ್ಲಿ ಚಮಚದಿಂದ ಅನ್ನ ಹಿಚುಕುವುದನ್ನು ಅಮ್ಮ ಒಂದು ವಾರದಿಂದ ನೋಡುತ್ತಿದ್ದಳು. ಇಂದು ಕೈ ತೊಳೆದುಕೊಂಡು ಬಂದು ತಟ್ಟೆಯನ್ನು ತನ್ನ ಮುಂದೆ ಎಳೆದುಕೊಂಡಳು. "ತಮ್ಮಾ, ನಿನಗೆ ಅನ್ನ ಉಣ್ಣಿಸುವಾಗ ಈ ಮನೆಯಲ್ಲಿ ಮಿಕ್ಸರ್ ಇರಲಿಲ್ಲ" ಎಂದಳು. ಹೆಬ್ಬೆರಳನ್ನು ಎರಡು ಬೆರಳುಗಳಿಗೆ ಒತ್ತಿ, ಅನ್ನವನ್ನು ನುರಿಯುತ್ತಾ, ತುದಿಯಲ್ಲಿ ಒಂದು ಚಿಕ್ಕ ಉಂಡೆ ಮಾಡಿ ತೋರಿಸಿದಳು. ನಾನು ಅದನ್ನು ನಾಲಿಗೆಯ ಮೇಲಿಟ್ಟು ನೋಡಿದೆ. ಅರ್ಧದಷ್ಟು ನುಣ್ಣಗಾಗಿತ್ತು, ಅರ್ಧದಲ್ಲಿ ಅಗುಳಿನ ಗುರುತಿತ್ತು. ಯಾವ ಯಂತ್ರದ ಗುಂಡಿ ಒತ್ತಿದರೂ ಈ ಹದ ಬಾರದು. ಕಲ್ಲು, ಹೊಟ್ಟು, ಬೇಯದ ಬೇಳೆ, ಬಿಸಿ ಎಲ್ಲವೂ ಮಗುವಿನ ಬಾಯಿಗೆ ಹೋಗುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ. ನಾಳೆ ಸ್ವಲ್ಪ ಕಡಿಮೆ ನುರಿದರಾಯಿತು, ನಾಡಿದ್ದು ಇನ್ನೂ ಕಡಿಮೆ.

ಇಷ್ಟು ಬಲ್ಲವಳು ಐದು ತಿಂಗಳು ಸುಮ್ಮನಿದ್ದದ್ದೇಕೆ ಎಂದು ಕೇಳಿದೆ. ಅವಲಕ್ಕಿ ಕೊಟ್ಟವಳು ತಾನೇ ಅಲ್ಲವೇ ಎಂದಳು. ಅಷ್ಟು ದಿನ ಅದನ್ನು ಅವಳು ಒಬ್ಬಳೇ ಹೊತ್ತಿದ್ದಳು. ನಾನು ಒಮ್ಮೆಯೂ ಕೇಳಿರಲಿಲ್ಲ. ಮಿಕ್ಸರಿನ ಚಿಕ್ಕ ಜಾರನ್ನು ತೊಳೆದು ಅಟ್ಟಕ್ಕೆ ಹಾಕಿದೆ.

ಜೂನ್ 27

ಕೈಗೆ ಕೊಡುವ ತಿಂಡಿಗಳು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಗುರವಾಗಿ ಒತ್ತಿದರೆ ಅಪ್ಪಚ್ಚಿಯಾಗಬೇಕು, ಇದೊಂದೇ ಪರೀಕ್ಷೆ. ದವಡೆ ಹಲ್ಲು ಇಲ್ಲದಿದ್ದರೂ ವಸಡು ಅಷ್ಟನ್ನು ನುರಿಯುತ್ತದೆ. ಬೇಯಿಸಿದ ಗೆಣಸು, ಸಿಹಿಗುಂಬಳ, ಇಡ್ಲಿ, ಮೆತ್ತಗಿನ ದೋಸೆಯ ಪಟ್ಟಿ, ಬಾಳೆಹಣ್ಣು ಪರೀಕ್ಷೆಯಲ್ಲಿ ಪಾಸಾದವು. ಒತ್ತು ಶಾವಿಗೆಯನ್ನು ಕತ್ತರಿಯಿಂದ ಬೆರಳುದ್ದ ಕತ್ತರಿಸಿ ಹಾಕಿದೆ. ಒಂದೊಂದೇ ಎಳೆ ಎತ್ತಿ ಬಹಳ ಹೊತ್ತು ನೋಡಿ ತಿಂದಳು.

ಅಂಕೋಲೆಯಿಂದ ದೊಡ್ಡಪ್ಪ ಈ ಸಲದ ಕೊನೆಯ ಕರಿ ಈಶಾಡು ಕಳಿಸಿದ್ದರು. 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕ ಮಾವು ಅದು. ನಮಗಂತೂ ಅದಕ್ಕೆ ಯಾವ ಸೂಚಿಕೆಯೂ ಬೇಕಿರಲಿಲ್ಲ. ಹಣ್ಣು ರಸಭರಿತ, ಹೋಳು ಪುಟ್ಟಿಯ ಕೈಯಿಂದ ಜಾರಿಜಾರಿ ಬೀಳುತ್ತಿತ್ತು, ಅವಳಿಗೆ ಅಳುವೇ ಬಂತು. ಹೋಳನ್ನು ಹುರಿದು ಪುಡಿಮಾಡಿದ ಅವಲಕ್ಕಿಯಲ್ಲಿ ಹೊರಳಿಸಿ ಕೊಟ್ಟೆ. ಹಿಡಿತ ಸಿಕ್ಕಿತು. ಅವಲಕ್ಕಿ ಹೀಗೆ ಮನೆಗೆ ಮರಳಿ ಬಂತು. ಕೊಟ್ಟದ್ದು ನಾನು, ಆದರೆ ಪುಡಿ ಮಾಡಿದ್ದು ಅಮ್ಮ.

ಜುಲೈ 5

ಹಾಲಿನ ವಿಷಯ. ಊಟ ಸಾಲದು ಎಂಬ ಅಂಜಿಕೆಯಿಂದ ದಿನಕ್ಕೆ ನಾಲ್ಕು ಸಲ 200 ಮಿಲಿಯಂತೆ ಬಾಟಲಿಯಲ್ಲಿ ಹಸುವಿನ ಹಾಲು ಕೊಡುತ್ತಿದ್ದೆವು. ಅಷ್ಟು ಕುಡಿದರೆ ಹೊಟ್ಟೆಯಲ್ಲಿ ಜಾಗ ಎಲ್ಲಿ? ಹಾಲು ಅತಿಯಾದರೆ ಕಬ್ಬಿಣಾಂಶದ ಕೊರತೆಯೂ ಆಗುತ್ತದೆ. ಹಾಲಿನಲ್ಲಿ ಅದು ತೀರ ಕಡಿಮೆ. ಈಗ ಎರಡು ಸಲ, ಲೋಟದಲ್ಲಿ, ಊಟವಾದ ಮೇಲೆ. ನಾಲ್ಕೇ ದಿನದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅವಳೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಸಿರಪ್ ವಾರಕ್ಕೆ ಎರಡು ಸಲ 1 ಮಿಲಿ ನಡೆದಿದೆ.

ಜುಲೈ 14

ಮೈ ತುಸು ಬೆಚ್ಚಗೆ, ಜೊಲ್ಲು, ಕೆನ್ನೆ ಕೆಂಪು. ಒಳಗೆ ಮೊದಲ ದವಡೆ ಹಲ್ಲು ವಸಡನ್ನು ಎತ್ತುತ್ತಿದೆ. ಐದು ದಿನ ಏನನ್ನೂ ಅಗಿಯಲಿಲ್ಲ, ತಟ್ಟೆಯನ್ನೇ ತಳ್ಳಿದಳು. ಅಟ್ಟದ ಜಾರು ನೆನಪಾಯಿತು. ತರಲಿಲ್ಲ, ಆದರೆ ಅನ್ನವನ್ನು ಮೊದಲಿನಷ್ಟೇ ನುಣ್ಣಗೆ ಕೈಯಲ್ಲೇ ನುರಿದು ಕೊಟ್ಟೆವು, ತಣ್ಣಗಿನ ಮೊಸರು ಕೊಟ್ಟೆವು. ಒತ್ತಾಯ ಮಾಡಲಿಲ್ಲ. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಬಟ್ಟೆ ಒಣಗುತ್ತಿರಲಿಲ್ಲ, ಆ ವಾರ ಉದ್ದವಾಗಿತ್ತು.

ಜುಲೈ 26

ಚೇತರಿಸಿಕೊಂಡಳು. ರಾಗಿ ಮಣ್ಣಿ ಈ ತಿಂಗಳ ದೊಡ್ಡ ಗೆಲುವು. ರಾಗಿಯನ್ನು ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ ತೆಗೆದ ಹಾಲನ್ನು ಕಾಯಿಹಾಲು, ಚೂರೇ ಚೂರು ಬೆಲ್ಲ ಹಾಕಿ ಕದಡುತ್ತಾ ಕಾಯಿಸುವುದು. ಬೇಗ ಇಳಿಸಿದರೆ ಸುರಿಯುವಂತಿರುತ್ತದೆ. ಇನ್ನಷ್ಟು ಕಾಯಿಸಿ ತುಪ್ಪ ಸವರಿದ ತಟ್ಟೆಗೆ ಹೊಯ್ದರೆ ಗಟ್ಟಿಯಾಗಿ ಹೋಳು ಮಾಡಲು ಬರುತ್ತದೆ. ಒಲೆಯ ಮೇಲಿನ ಹತ್ತು ನಿಮಿಷದ ವ್ಯತ್ಯಾಸದಲ್ಲಿ ಒಂದೇ ಪದಾರ್ಥ ಕುಡಿಯುವುದರಿಂದ ಕಚ್ಚುವುದಕ್ಕೆ ದಾಟುತ್ತದೆ. ರುಚಿ ಮೊದಲೇ ಪರಿಚಯದ್ದಾದ್ದರಿಂದ ಅವಳು ಅನುಮಾನಿಸಲಿಲ್ಲ. ಹೊಸ ಹದಕ್ಕೆ ಹಳೆಯ ರುಚಿ, ಹೊಸ ರುಚಿಗೆ ಹಳೆಯ ಹದ: ಎರಡನ್ನೂ ಒಟ್ಟಿಗೆ ಬದಲಿಸದಿರುವುದು ನನಗೆ ಇದುವರೆಗೆ ಸಿಕ್ಕ ಅತ್ಯುತ್ತಮ ಉಪಾಯ.

ಬಸಳೆ ಮಾತ್ರ ಏಳು ಸಲ ಕೊಟ್ಟರೂ ಏಳು ಸಲವೂ ಹೊರಬಂತು. ಹೊಸ ರುಚಿ ಒಪ್ಪಿಗೆಯಾಗಲು ಎಂಟು ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದಂತೆ. ಎಂಟನೆಯದು ಭಾನುವಾರ.

ಆಗಸ್ಟ್ 9

ಈ ದಿನಕ್ಕಾಗಿ ಎರಡು ತಿಂಗಳು ಕಾದಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ 61 ದಿನ ಪೇಟೆಯಲ್ಲಿ ತಾಜಾ ಮೀನು ಅಪರೂಪ, ಸಿಕ್ಕರೂ ತುಟ್ಟಿ. ಒಣಮೀನಿನ ಉಪ್ಪು ಮಗುವಿಗೆ ಆಗದು. ಈ ವಾರ ಬೈತಖೋಲ ಬಂದರಿಗೆ ದೋಣಿಗಳು ಬಂದವು. ಹೆಂಡತಿಗೂ ರಜೆಯಿತ್ತು, ನಾಲ್ವರೂ ಮನೆಯಲ್ಲಿದ್ದೆವು.

ಮೀನಿನ ಮಾಂಸದಷ್ಟು ಮೆತ್ತಗಿನದು, ಪದರಪದರವಾಗಿ ತಾನಾಗಿ ಬಿಡುವಂಥದ್ದು ಇನ್ನೊಂದಿಲ್ಲ. ತೊಡಕು ಮುಳ್ಳಿನದು. ತಾರ್ಲೆಯಲ್ಲಿ ಸಣ್ಣ ಮುಳ್ಳು ವಿಪರೀತ, ಅದನ್ನು ಮುಂದಕ್ಕಿಟ್ಟೆ. ದೊಡ್ಡ ಜಾತಿಯ ಬೇಟೆಗಾರ ಮೀನುಗಳಲ್ಲಿ, ಮುಖ್ಯವಾಗಿ ಶಾರ್ಕ್‌ನಂಥವುಗಳಲ್ಲಿ, ಪಾದರಸ ಹೆಚ್ಚು ಸೇರಿರುತ್ತದೆ. ಚಿಕ್ಕ ಮಕ್ಕಳಿಗೆ ಬೇಡ. ತಂದದ್ದು ಕಾಣೆ ಮೀನು. ಅರಿಸಿನ ಮಾತ್ರ ಹಾಕಿ ಹಬೆಯಲ್ಲಿ ಬೇಯಿಸಿದೆ. ನಮ್ಮ ಪಾಲು ಖಾರ ಅರೆದು ಸಾರಿಗೆ ಹೋಯಿತು. ನಡುಮುಳ್ಳು ಎತ್ತಿ, ಮಾಂಸವನ್ನು ಪದರ ಬಿಡಿಸಿ, ಒಂದೊಂದು ಪದರವನ್ನೂ ಬೆರಳ ನಡುವೆ ಒತ್ತಿ ನೋಡಿದೆ. ಮುಗಿಯಿತು ಎಂದು ತಟ್ಟೆ ಮುಂದಕ್ಕಿಟ್ಟೆ. ಅಮ್ಮ ತಾನೂ ಒಂದು ಸುತ್ತು ನೋಡಿದಳು. ಕೂದಲೆಳೆಯಂಥ ಎರಡು ಮುಳ್ಳು ತೆಗೆದು ತಟ್ಟೆಯಂಚಿಗೆ ಇಟ್ಟಳು. ಇನ್ನು ಮುಂದೆ ಎರಡು ಜೊತೆ ಕೈ ನೋಡದೆ ಮೀನು ಪುಟ್ಟಿಯ ತಟ್ಟೆಗೆ ಹೋಗುವುದಿಲ್ಲ.

ಅನ್ನದ ಜೊತೆ ನುರಿದು ಅಮ್ಮನೇ ಮೊದಲ ತುತ್ತು ಕೊಟ್ಟಳು. ಪುಟ್ಟಿ ಬಾಯಿ ಮುಚ್ಚಿ ಕೂತುಬಿಟ್ಟಳು. ನಾವು ಮೂವರೂ ಉಸಿರು ಹಿಡಿದೆವು. ಆಮೇಲೆ ದವಡೆ ಅಲುಗಿತು. ಮೊದಲೆಲ್ಲ ಮೇಲೆ ಕೆಳಗೆ ಮಾತ್ರ ಆಡುತ್ತಿದ್ದ ದವಡೆ ಇಂದು ಪಕ್ಕಕ್ಕೆ ಸರಿದು, ಸುತ್ತಿ ಬರುತ್ತಿತ್ತು. ನುಂಗಿ, ಅಮ್ಮನ ಕೈಯನ್ನು ಎರಡೂ ಕೈಯಿಂದ ಹಿಡಿದು ತನ್ನ ಬಾಯಿಗೆ ಎಳೆದುಕೊಂಡಳು. ಅಮ್ಮ ಏನೂ ಹೇಳಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು ಎರಡನೆಯ ತುತ್ತು ಕಲಸಿದಳು.

ಆಗಸ್ಟ್ 13

ಬಾಕಿ ಇರುವುದು: ಚಪಾತಿ ಇನ್ನೂ ಆಗಿಲ್ಲ, ಬೇಳೆಯಲ್ಲಿ ನೆನೆಸಿದರೂ ಉಂಡೆ ಮಾಡಿ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾಳೆ. ತಿಳಿಯ ಸಮೇತ ಗಂಜಿ ಇನ್ನೊಮ್ಮೆ ಕೊಟ್ಟು ನೋಡಬೇಕು. ಬಸಳೆ ಹತ್ತನೆಯ ಸಲಕ್ಕೆ ನುಂಗಿದಳು, ಹನ್ನೊಂದನೆಯ ಸಲಕ್ಕೆ ಉಗುಳಿದಳು. ನಾಳೆ ನನಗೆ ಬೆಳಗಿನ ಪಾಳಿ. ಕುಚ್ಚಲಕ್ಕಿ ನೆನೆಸಿಟ್ಟಿದ್ದೇನೆ, ಬಂಗುಡೆಯ ಮುಳ್ಳು ತೆಗೆಯುವುದು ಮಾತ್ರ ನಾನು ಬರುವವರೆಗೆ ಕಾಯಲಿ ಎಂದು ಅಮ್ಮನಿಗೆ ಹೇಳಿದ್ದೇನೆ.